ಮನೆಯೊಳಗಿನ ಜಗಳ: ಬೈಬಲ್ ತೋರಿಸುವ ದಾರಿಯಲ್ಲಿ ಒಂದೊಂದೇ ಹೆಜ್ಜೆ

ಡಿಸೆಂಬರ್ ಬಂದರೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಎರಡು ಕೆಲಸ ಒಟ್ಟಿಗೆ ಬೀಳುತ್ತವೆ. ಅರೇಬಿಕಾ ಕುಯ್ಲು ಒಂದು, ಕ್ರಿಸ್ಮಸ್ ಇನ್ನೊಂದು. ಬೆಂಗಳೂರು, ಮಂಗಳೂರಲ್ಲಿರುವ ಅಣ್ಣತಮ್ಮಂದಿರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಎಲ್ಲಾ ಊರಿಗೆ ಬರುತ್ತಾರೆ. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ದುಡ್ಡು ಇನ್ನೂ ಕೈಗೆ ಬಂದಿರುವುದಿಲ್ಲ, ಆಳುಗಳ ಬಟವಾಡೆ ಮಾತ್ರ ವಾರವಾರ ಕೊಡಲೇಬೇಕು. ರಾತ್ರಿ ಊಟಕ್ಕೆ ಕೂತಾಗ ಯಾರೋ ಒಬ್ಬರು ‘ಈ ಸಲ ಎಷ್ಟು ಮೂಟೆ ಆಯ್ತು?’ ಅಂತ ಸುಮ್ನೆ ಕೇಳುತ್ತಾರೆ. ಊರಲ್ಲೇ ಇದ್ದು ತೋಟ ನೋಡಿಕೊಳ್ಳುವವನಿಗೆ ಅದು ಲೆಕ್ಕ ಕೇಳಿದ ಹಾಗೆ ಕೇಳಿಸುತ್ತದೆ. ಅಲ್ಲಿಂದ ಶುರು.

‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಅನ್ನುವ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬೈಬಲ್ ಓದಿದವರಿಗೂ ಇದು ಹೊಸ ವಿಷಯವೇನಲ್ಲ. ಆದಿಕಾಂಡದ 4ನೇ ಅಧ್ಯಾಯಕ್ಕೇ ಕಾಯಿನ ತನ್ನ ತಮ್ಮನನ್ನು ಹೊಲದಲ್ಲಿ ಕೊಲ್ಲುತ್ತಾನೆ. ಅಬ್ರಹಾಮನ ಮನೆ, ಯಾಕೋಬನ ಮನೆ, ದಾವೀದನ ಮನೆ, ಯಾವುದೂ ಜಗಳವಿಲ್ಲದ ಮನೆಯಲ್ಲ. ದೇವರು ಆರಿಸಿಕೊಂಡ ಮನೆತನಗಳ ಕಥೆ ಬರೆಯುವಾಗಲೂ ಬೈಬಲ್ ಅವರ ಕಚ್ಚಾಟವನ್ನು ಮುಚ್ಚಿಡಲಿಲ್ಲ. ಅದಕ್ಕೇ ಈ ವಿಷಯದಲ್ಲಿ ಅದರ ಮಾತನ್ನು ನಂಬಬಹುದು ಅಂತ ನನಗೆ ಅನಿಸುತ್ತದೆ.

‘ಕ್ಷಮಿಸಿಬಿಡು, ಸುಮ್ಮನಿರು’ ಅಂತ ಮಾತ್ರ ಬೈಬಲ್ ಹೇಳುತ್ತದೆ ಅಂದುಕೊಂಡವರೇ ಜಾಸ್ತಿ. ಓದಿ ನೋಡಿದರೆ ಅಲ್ಲಿ ಒಂದು ಕ್ರಮವಿದೆ. ಮೊದಲು ಯಾರ ಹತ್ತಿರ ಹೋಗಬೇಕು, ಮೂರನೆಯವರನ್ನು ಯಾವಾಗ ಕರೆಯಬೇಕು, ಯಾವಾಗ ಮರ್ಯಾದೆಯಿಂದ ಬೇರೆಯಾಗಬೇಕು ಎಲ್ಲಾ ಇದೆ. ಒಂದೇ ಸೂರಿನಡಿ ಇದ್ದರೆ ಮಾತ್ರ ಸಮಾಧಾನ ಅನ್ನುವ ಹಟ ಬೈಬಲ್‌ಗೆ ಇಲ್ಲ. ಬೇರೆ ಬೇರೆ ಮನೆಯಲ್ಲಿದ್ದುಕೊಂಡು ಮಾತು ಉಳಿಸಿಕೊಂಡರೂ ಅದು ಸಮಾಧಾನವೇ.

ಎಲ್ಲಕ್ಕಿಂತ ಮೊದಲು: ಮನೆಯಲ್ಲಿ ಹೊಡೆತ ಇದೆಯಾ ನೋಡಿ

ಹೆಂಡತಿಗೆ ಹೊಡೆಯುವುದು, ಮಕ್ಕಳ ಮೇಲೆ ಕೈ ಹಾಕುವುದು, ವಯಸ್ಸಾದವರಿಗೆ ಊಟ ಔಷಧಿ ಕೊಡದೆ ಇರುವುದು, ಇವು ಜಗಳದ ಲೆಕ್ಕಕ್ಕೆ ಬರುವುದಿಲ್ಲ. ಇವಕ್ಕೆ ಕೆಳಗಿನ ಹೆಜ್ಜೆಗಳನ್ನು ಹಿಡಿದು ಕೂರಬೇಡಿ.

2 ಸಮುವೇಲ 13ನೇ ಅಧ್ಯಾಯ ಓದಿ. ರಾಜ ದಾವೀದನ ಮಗ ಅಮ್ನೋನ ಕಾಯಿಲೆ ಬಂದವನಂತೆ ಮಲಗಿ, ಮಲತಂಗಿ ತಾಮಾರಳನ್ನು ಅಡುಗೆ ಮಾಡಿಕೊಡಲು ಕರೆಸಿ, ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಅವಳ ಒಡಹುಟ್ಟಿದ ಅಣ್ಣ ಅಬ್ಷಾಲೋಮ ಏನು ಹೇಳಿದ ಗೊತ್ತಾ? ಸುಮ್ಮನಿರು ತಂಗಿ, ಅವನು ನಿನ್ನ ಅಣ್ಣ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದ. ಅಪ್ಪ ದಾವೀದ ಕೇಳಿ ಸಿಟ್ಟಾದ, ಆದರೆ ಮಗನಿಗೆ ಶಿಕ್ಷೆ ಕೊಟ್ಟ ಅಂತ ಎಲ್ಲೂ ಬರೆದಿಲ್ಲ. 2 ವರ್ಷ ಮನೆ ತಣ್ಣಗಿತ್ತು. ಆಮೇಲೆ ಅಬ್ಷಾಲೋಮ ಔತಣಕ್ಕೆ ಕರೆದು ಅಮ್ನೋನನನ್ನು ಕೊಲ್ಲಿಸಿದ. ಮುಂದೆ ಅಪ್ಪನ ವಿರುದ್ಧವೇ ದಂಗೆ ಎದ್ದು ತಾನೂ ಸತ್ತ. ಮನೆಯ ಮರ್ಯಾದೆ ಅಂತ ಮುಚ್ಚಿಟ್ಟ ಒಂದು ವಿಷಯದಿಂದ ಇಷ್ಟೂ ಆಯಿತು. ತಾಮಾರಳ ಬದುಕು ಅಣ್ಣನ ಮನೆಯ ಮೂಲೆಯಲ್ಲಿ ಹಾಳಾಯಿತು.

ನಿಮ್ಮ ಮನೆಯಲ್ಲಿ ಇಂಥದ್ದಿದ್ದರೆ ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ತುರ್ತಿಗೆ 112. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಹೆಣ್ಣುಮಗಳು ತಾನಿರುವ ಮನೆಯಲ್ಲೇ ಇರುವ ಹಕ್ಕು ಕೇಳಬಹುದು. ಪಾಸ್ಟರ್ ಆಗಲಿ, ಫಾದರ್ ಆಗಲಿ ‘ಪ್ರಾರ್ಥನೆ ಮಾಡಿ, ಸರಿಹೋಗುತ್ತದೆ’ ಅಂತ ಹೇಳಿ ವಾಪಸ್ ಕಳಿಸಿದರೆ, ಪ್ರಾರ್ಥನೆಯನ್ನೂ ಮಾಡಿ, ಫೋನನ್ನೂ ಮಾಡಿ.

ಹೆಜ್ಜೆ 1: ಜಗಳ ಯಾವುದರ ಬಗ್ಗೆ ಅಂತ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಆದದ್ದನ್ನು ಒಂದೇ ಸಾಲಿನಲ್ಲಿ, ಬೈಗುಳವಿಲ್ಲದೆ ಬರೆಯಿರಿ. ‘ತಮ್ಮ ಬೇಲಿಯನ್ನು ನನ್ನ ಕಡೆ ಸರಿಸಿದ’ ಅಂತ ಬರೆದಿರಿ ಅನ್ನಿ. ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ, ಇದು ಇಷ್ಟೊಂದು ಯಾಕೆ ನೋಯಿಸುತ್ತಿದೆ ಅಂತ. ‘ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅವನು ಒಂದು ರಾತ್ರಿಯೂ ಬಂದು ಕೂರಲಿಲ್ಲ’ ಅಂತ ಬಂದರೆ, ನಿಜವಾದ ಜಗಳ ಎರಡನೇ ಸಾಲಿನದ್ದು. ಬೇಲಿ ವಾಪಸ್ ಸರಿಸಿದರೂ ಅದು ವಾಸಿಯಾಗುವುದಿಲ್ಲ.

ಬೈಬಲ್‌ನಲ್ಲಿ ಎಷ್ಟೋ ಜಗಳಗಳ ಬೇರು ಅಪ್ಪ ಅಮ್ಮನ ಹತ್ತಿರವೇ ಇದೆ. ಇಸಾಕನಿಗೆ ಬೇಟೆಯ ಮಾಂಸ ಇಷ್ಟ, ಅದಕ್ಕೆ ಹಿರಿಯ ಮಗ ಏಸಾವನ ಮೇಲೆ ಪ್ರೀತಿ. ಹೆಂಡತಿ ರೆಬೆಕ್ಕಳಿಗೆ ಕಿರಿಯವನು ಯಾಕೋಬನೇ ಮುದ್ದು (ಆದಿಕಾಂಡ 25:28). ಅದನ್ನು ಅನುಭವಿಸಿದ ಯಾಕೋಬ ತಾನು ಅಪ್ಪನಾದಾಗ ಮತ್ತೆ ಅದನ್ನೇ ಮಾಡಿದ. ಮಕ್ಕಳಲ್ಲಿ ಯೋಸೇಫನೊಬ್ಬನಿಗೆ ಚೆಂದದ ನಿಲುವಂಗಿ ಮಾಡಿಸಿಕೊಟ್ಟ. 17 ವರ್ಷದ ಆ ಹುಡುಗನನ್ನು ಅಣ್ಣಂದಿರು 20 ತುಂಡು ಬೆಳ್ಳಿಗೆ ಮಾರಿದರು. ನಮ್ಮ ಮನೆಗಳಲ್ಲಿ ನಿಲುವಂಗಿಯ ಜಾಗದಲ್ಲಿ ಬೇರೆ ಏನೋ ಇರುತ್ತದೆ. ಒಬ್ಬನಿಗೆ ಇಂಜಿನಿಯರಿಂಗ್ ಸೀಟಿಗೆ ದುಡ್ಡು ಕಟ್ಟಿದರು, ಇನ್ನೊಬ್ಬನನ್ನು ಪಿಯುಸಿಗೇ ಬಿಡಿಸಿ ತೋಟಕ್ಕೆ ಹಾಕಿದರು. 20 ವರ್ಷ ಯಾರೂ ಆ ಮಾತು ಎತ್ತುವುದಿಲ್ಲ. ಪಾಲಿನ ದಿನ ಅದು ಹೊರಗೆ ಬರುತ್ತದೆ. ಅಪ್ಪ ಅಮ್ಮ ಬದುಕಿದ್ದರೆ, ‘ನಿನಗೆ ಅನ್ಯಾಯ ಆಯ್ತು ಮಗ’ ಅಂತ ಅವರ ಬಾಯಿಂದ ಒಂದು ಮಾತು ಬಂದರೂ ಅರ್ಧ ಜಗಳ ಇಳಿಯುತ್ತದೆ.

ಹೆಜ್ಜೆ 2: ಊರಿಗೆಲ್ಲಾ ಹೇಳುವುದನ್ನು ನಿಲ್ಲಿಸಿ

ಚಾಡಿ ಹೇಳುವವನಿಲ್ಲದಿದ್ದರೆ ಜಗಳ ತಣ್ಣಗಾಗುತ್ತದೆ ಅನ್ನುತ್ತದೆ ಜ್ಞಾನೋಕ್ತಿ 26:20. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಯಾರಿಗೋ ತಾಗುವ ಹಾಗೆ ವಚನ ಹಾಕುವುದೂ ಚಾಡಿಯೇ. ರಾತ್ರಿ 11 ಗಂಟೆಗೆ ಸಿಟ್ಟಿನಲ್ಲಿ ಕಳಿಸಿದ ವಾಯ್ಸ್ ಮೆಸೇಜ್ ಬೆಳಗಾಗುವುದರಲ್ಲಿ ನಾಲ್ಕು ಮನೆಗೆ ಹೋಗಿರುತ್ತದೆ.

ಜ್ಞಾನೋಕ್ತಿ 17:14 ಜಗಳದ ಆರಂಭವನ್ನು ಕಟ್ಟೆ ಒಡೆದ ನೀರಿಗೆ ಹೋಲಿಸುತ್ತದೆ. ಮಳೆಗಾಲದಲ್ಲಿ ಕೆರೆ ಏರಿ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಏಡಿ ಬಿಲದಷ್ಟು ತೂತಾಗಿದ್ದಾಗ ಒಂದು ಬುಟ್ಟಿ ಮಣ್ಣು ಸಾಕು.

ಹಾಗಂತ ಒಳಗೇ ಇಟ್ಟುಕೊಂಡು ಕೊರಗಬೇಡಿ. ನಿಮಗೆ ಬುದ್ಧಿ ಹೇಳುವ ಧೈರ್ಯ ಇರುವ ಒಬ್ಬರ ಹತ್ತಿರ ಹೇಳಿಕೊಳ್ಳಿ. ನಿಮ್ಮ ಪರ ತಲೆ ಆಡಿಸುವವರ ಹತ್ತಿರ ಬೇಡ.

ಇನ್ನು ಎಫೆಸ 4:26. ಸಿಟ್ಟಿನಲ್ಲಿರುವಾಗಲೇ ಸೂರ್ಯ ಮುಳುಗಬಾರದು ಅನ್ನುವ ಮಾತು. ನಮ್ಮಲ್ಲೂ ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಅಂತ ಇದೆಯಲ್ಲ. ಕೆಲವರು ಇದನ್ನು ಹಿಡಿದುಕೊಂಡು ಮಧ್ಯರಾತ್ರಿ ತನಕ ವಾದ ಮಾಡುತ್ತಾರೆ, ಇವತ್ತೇ ತೀರ್ಮಾನ ಆಗಬೇಕು ಅಂತ. ದಣಿದ ತಲೆಯಲ್ಲಿ ತೀರ್ಮಾನ ಆಗುವುದಿಲ್ಲ. ‘ಇದನ್ನು ನಾಳೆ ಬೆಳಿಗ್ಗೆ ಕೂತು ಮಾತಾಡೋಣ, ಈಗ ಊಟ ಮಾಡು ಬಾ’ ಅಂದರೆ ಆ ವಚನವನ್ನು ನೀವು ಪಾಲಿಸಿದಂತೆಯೇ.

ಹೆಜ್ಜೆ 3: ನೀವೇ ಹೋಗಿ, ಒಬ್ಬರೇ ಹೋಗಿ

ಯೇಸು ಎರಡು ಕಡೆ ಈ ಮಾತು ಹೇಳಿದ್ದಾನೆ. ನಿನ್ನ ಸಹೋದರ ನಿನಗೆ ತಪ್ಪು ಮಾಡಿದರೆ, ನೀನು ಹೋಗಿ ಅವನೊಬ್ಬನೇ ಇರುವಾಗ ಹೇಳು (ಮತ್ತಾಯ 18:15). ನಿನ್ನ ಮೇಲೆ ಅವನಿಗೆ ಏನೋ ಬೇಸರ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೋಗಿ ಮೊದಲು ಅವನ ಜೊತೆ ಒಂದಾಗು (ಮತ್ತಾಯ 5:23-24). ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ತಪ್ಪು ಅವನದಾದರೂ ಹೋಗಬೇಕಾದವರು ನೀವು, ನಿಮ್ಮದಾದರೂ ನೀವೇ. ‘ಅವನೇ ಬರಲಿ’ ಅನ್ನುವುದಕ್ಕೆ ಜಾಗವೇ ಉಳಿಯಲಿಲ್ಲ. ಮನೆಮಂದಿಗೆ ಅತಿ ಕಷ್ಟದ ಹೆಜ್ಜೆ ಇದು. ಮಾತು ಬಿಟ್ಟು ವರ್ಷಗಟ್ಟಲೆ ಒಂದೇ ಚರ್ಚಿನ ಎರಡು ಬದಿಯ ಬೆಂಚಿನಲ್ಲಿ ಕೂರುವ ಅಣ್ಣತಮ್ಮಂದಿರು ಎಷ್ಟೋ ಊರುಗಳಲ್ಲಿದ್ದಾರೆ.

ಹೇಗೆ ಹೋಗಬೇಕು? ಹೆಂಡತಿ ಮಕ್ಕಳ ಮುಂದೆ ಬೇಡ. ಎರಡು ಪೆಗ್ ಆದ ಮೇಲೆ ಖಂಡಿತ ಬೇಡ. ಬೆಳಿಗ್ಗೆ ತೋಟದಲ್ಲಿ ಜೊತೆಗೆ ನಡೆಯುತ್ತಾ ಮಾತಾಡುವುದು ಎದುರುಬದುರು ಕೂರುವುದಕ್ಕಿಂತ ಸುಲಭ. ಮಾತು ಹೀಗಿರಲಿ:

‘ಅಣ್ಣ, ಅಮ್ಮನ ಒಡವೆ ವಿಷಯ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅತ್ತಿಗೆ ಹತ್ತಿರ ಇದೆ ಅಂತ ಬೇರೆಯವರಿಂದ ಗೊತ್ತಾಯ್ತು. ನಿನ್ನ ಬಾಯಿಂದಲೇ ಕೇಳೋಣ ಅಂತ ಬಂದೆ.’

ಇಲ್ಲಿ ಆರೋಪ ಇಲ್ಲ, ಆದರೆ ವಿಷಯ ಬಿಟ್ಟೂ ಇಲ್ಲ. ‘ನೀವು ಯಾವಾಗಲೂ ಹೀಗೇ’ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿ. ಅಮ್ಮನೇ ಸಾಯುವ ಮೊದಲು ಅತ್ತಿಗೆಗೆ ಕೊಟ್ಟಿರಬಹುದು. ಅಡವಿಟ್ಟು ಆಸ್ಪತ್ರೆ ಬಿಲ್ಲು ಕಟ್ಟಿರಬಹುದು. ಮೊದಲು ವಾದ ಮಾಡಿದವನೇ ಸರಿ ಅನಿಸುತ್ತದೆ, ಎದುರಿನವನು ಬಂದು ಪ್ರಶ್ನೆ ಕೇಳುವ ತನಕ ಅಂತ ಜ್ಞಾನೋಕ್ತಿ 18:17 ಹೇಳುವುದು ಇದನ್ನೇ.

ತಪ್ಪು ನಿಮ್ಮದಾಗಿದ್ದರೆ ಯಾಕೋಬನನ್ನು ನೋಡಿ. ಅಣ್ಣ ಏಸಾವನಿಗೆ ಸಿಗಬೇಕಿದ್ದ ಅಪ್ಪನ ಆಶೀರ್ವಾದವನ್ನು ಮೋಸದಿಂದ ಪಡೆದು ಓಡಿಹೋಗಿ, 20 ವರ್ಷ ಮಾವ ಲಾಬಾನನ ಮನೆಯಲ್ಲಿದ್ದ. ವಾಪಸ್ ಬರುವಾಗ ಏಸಾವ 400 ಜನರ ಜೊತೆ ಎದುರು ಬರುತ್ತಿದ್ದಾನೆ ಅಂತ ಸುದ್ದಿ ಬಂತು. ಯಾಕೋಬ ಆಡು, ಕುರಿ, ಒಂಟೆ, ಹಸು, ಕತ್ತೆ ಅಂತ ಮಂದೆಗಳನ್ನು ಮುಂದೆ ಕಳಿಸಿದ. ಆದಿಕಾಂಡ 32ರಲ್ಲಿ ಲೆಕ್ಕ ಇದೆ, ಕೂಡಿಸಿದರೆ ಒಂಟೆಮರಿಗಳನ್ನು ಬಿಟ್ಟು 550 ಪ್ರಾಣಿಗಳು. ಆಮೇಲೆ ತಾನೇ ಎಲ್ಲರಿಗಿಂತ ಮುಂದೆ ನಡೆದು 7 ಸಲ ನೆಲಕ್ಕೆ ಬಗ್ಗಿದ. ಏಸಾವ ಓಡಿಬಂದು ತಬ್ಬಿಕೊಂಡ, ಇಬ್ಬರೂ ಅತ್ತರು. ಬರೀ ‘ಸಾರಿ’ ಅಂದು ಕಳೆದುಕೊಂಡವನ ಕೈಯನ್ನು ಖಾಲಿ ಬಿಡಬೇಡಿ. ಬೇಲಿ ಸರಿಸಿದ್ದರೆ ವಾಪಸ್ ಹಾಕಿಸಿ, ಕಾಫಿ ಕುಯ್ದುಕೊಂಡಿದ್ದರೆ ಅದರ ದುಡ್ಡು ಕೊಡಿ.

ಹೆಜ್ಜೆ 4: ಬಗೆಹರಿಯದಿದ್ದರೆ ಒಬ್ಬರೋ ಇಬ್ಬರೋ, ಅಷ್ಟೇ

ಮತ್ತಾಯ 18ರಲ್ಲಿ ಮುಂದಿನ ಮೆಟ್ಟಿಲು ಒಂದಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು. ಸಭೆಗೆ, ಅಂದರೆ ಇಡೀ ಚರ್ಚಿಗೆ ಹೇಳುವುದು ಅದಕ್ಕೂ ಆಮೇಲೆ. ನಮ್ಮ ಕಡೆ ಇದು ಉಲ್ಟಾ ಆಗುತ್ತದೆ. ಮೊದಲೇ ಇಪ್ಪತ್ತು ಜನರ ಪಂಚಾಯ್ತಿ ಸೇರಿಸುತ್ತಾರೆ. ಅಷ್ಟು ಜನರ ಮುಂದೆ ಯಾರೂ ತಪ್ಪು ಒಪ್ಪಿಕೊಳ್ಳುವುದಿಲ್ಲ.

ಸೋದರಮಾವ, ಚಿಕ್ಕಪ್ಪ, ಜ್ಞಾನಸ್ನಾನದಲ್ಲಿ ಹೊಣೆ ಹೊತ್ತ ಜ್ಞಾನತಂದೆ, ಇಬ್ಬರೂ ಗೌರವ ಕೊಡುವ ಹಳೆಯ ಮೇಷ್ಟ್ರು ಆಗಬಹುದು. ಆ ಜಮೀನಿನ ಮೇಲೆ ಕಣ್ಣಿರುವವರು, ಇಬ್ಬರಲ್ಲಿ ಒಬ್ಬರಿಗೆ ಸಾಲ ಕೊಟ್ಟವರು ಬೇಡ.

ಫಾದರ್ ಅಥವಾ ಪಾಸ್ಟರನ್ನು ಕರೆಯುವುದಾದರೆ ಒಂದು ಮಾತು. ಲೂಕ 12:13ರಲ್ಲಿ ಒಬ್ಬ ಬಂದು, ‘ಬೋಧಕನೇ, ಆಸ್ತಿ ಪಾಲು ಮಾಡಿಕೊಡುವಂತೆ ನನ್ನ ಅಣ್ಣನಿಗೆ ಹೇಳು’ ಅನ್ನುತ್ತಾನೆ. ನಿಮ್ಮ ಪಾಲು ಹಂಚಲು ನನ್ನನ್ನು ಯಾರು ನೇಮಿಸಿದರು ಅಂತ ಯೇಸು ಕೇಳಿದ, ದುರಾಸೆಯ ಬಗ್ಗೆ ಎಚ್ಚರಿಕೆ ಹೇಳಿದ. ಗುರುಗಳ ಕೆಲಸ ಮನಸ್ಸಿನ ಹತ್ತಿರ, ಜಮೀನಿನ ಚೈನು ಹಿಡಿಯಲು ಸರ್ವೆಯರ್ ಇದ್ದಾರೆ. ಗುರುಗಳನ್ನು ಎಕರೆ ಗುಂಟೆಯ ತೀರ್ಪಿಗೆ ಎಳೆದರೆ, ಸೋತವನು ಮುಂದಿನ ಭಾನುವಾರದಿಂದ ಚರ್ಚನ್ನೇ ಬಿಡುತ್ತಾನೆ.

ಹೆಜ್ಜೆ 5: ಪಾಲು ಮಾಡುವಾಗ

ಆದಿಕಾಂಡ 13. ಅಬ್ರಹಾಮನ ದನಗಾಹಿಗಳಿಗೂ ಅವನ ತಮ್ಮನ ಮಗ ಲೋಟನ ದನಗಾಹಿಗಳಿಗೂ ಮೇವಿನ ಜಾಗಕ್ಕೆ ಜಗಳ. ಅಬ್ರಹಾಮ ದೊಡ್ಡಪ್ಪ, ಮನೆಯ ಯಜಮಾನ. ತನಗೆ ಬೇಕಾದ್ದು ಇಟ್ಟುಕೊಂಡು ಉಳಿದದ್ದು ಕೊಡಬಹುದಿತ್ತು. ಆದರೆ ಅವನು ಲೋಟನಿಗೆ ಹೇಳಿದ, ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ, ನೀನು ಬಲಕ್ಕೆ ಹೋದರೆ ನಾನು ಎಡಕ್ಕೆ. ಲೋಟ ನೀರಿರುವ ಯೊರ್ದನಿನ ಬಯಲನ್ನೇ ಆರಿಸಿಕೊಂಡ. ಅಬ್ರಹಾಮ ಬೇಸರ ಮಾಡಿಕೊಳ್ಳಲಿಲ್ಲ. ಮುಂದೆ ಲೋಟ ಸೆರೆ ಸಿಕ್ಕಾಗ ಬಿಡಿಸಲು ಹೋದವನೂ ಅವನೇ. ಹಿರಿಯವನು ಮೊದಲ ಆಯ್ಕೆಯನ್ನು ಕಿರಿಯರಿಗೆ ಬಿಟ್ಟುಕೊಟ್ಟರೆ ಪಾಲಿನ ಮಾತುಕತೆಯ ರೀತಿಯೇ ಬದಲಾಗುತ್ತದೆ.

ಕಾಫಿ ತೋಟದಲ್ಲಿ ಎಕರೆ ಸಮ ಆದ ಮಾತ್ರಕ್ಕೆ ಪಾಲು ಸಮ ಆಗುವುದಿಲ್ಲ. ರಸ್ತೆ ಯಾರ ಕಡೆ ಬಂತು? ಕೆರೆ, ಪಂಪ್‌ಸೆಟ್ ಯಾರಿಗೆ? ಕಣ ಮತ್ತು ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಾರಿಗೆ? ಮೆಣಸಿನ ಬಳ್ಳಿ ಹಬ್ಬಿದ ಹಳೆಯ ಸಿಲ್ವರ್ ಓಕ್ ಯಾವ ಭಾಗದಲ್ಲಿವೆ? ಹೋದ ವರ್ಷ ಹೊಸ ಗಿಡ ನೆಟ್ಟ ಬ್ಲಾಕು ಇನ್ನೂ ಮೂರ್ನಾಲ್ಕು ವರ್ಷ ಸರಿಯಾದ ಫಸಲು ಕೊಡುವುದಿಲ್ಲ. ಇದನ್ನೆಲ್ಲಾ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ, ಪಾಲುಗಳನ್ನು ಒಬ್ಬರು ಮಾಡಲಿ, ಆರಿಸುವ ಹಕ್ಕು ಇನ್ನೊಬ್ಬರಿಗೆ ಮೊದಲು ಇರಲಿ. ಓಡಾಡುವ ದಾರಿ ಮತ್ತು ನೀರಿನ ಹಕ್ಕನ್ನು ಪತ್ರದಲ್ಲೇ ಬರೆಸಿ. ‘ನಮ್ಮ ನಮ್ಮಲ್ಲಿ ಏನು’ ಅಂತ ಬಾಯಿಮಾತಿಗೆ ಬಿಟ್ಟ ದಾರಿಯೇ ಮುಂದಿನ ತಲೆಮಾರಿನ ಕೇಸು.

ಇನ್ನು ಹೆಣ್ಣುಮಕ್ಕಳ ಪಾಲು. ಇಲ್ಲಿ ಜಾಸ್ತಿ ಹೇಳಬೇಕು, ಯಾಕೆಂದರೆ ಜಾಸ್ತಿ ಅನ್ಯಾಯ ಆಗುವುದು ಇಲ್ಲೇ. ಚಲ್ಪಹಾದನಿಗೆ ಗಂಡುಮಕ್ಕಳಿರಲಿಲ್ಲ. ಅವನ ಐದು ಜನ ಹೆಣ್ಣುಮಕ್ಕಳು ಮೋಶೆಯ ಮುಂದೆ, ಎಲ್ಲಾ ಜನರ ಎದುರು ನಿಂತು ನಮ್ಮ ಅಪ್ಪನ ಪಾಲು ನಮಗೆ ಕೊಡಿ ಅಂತ ಕೇಳಿದರು. ಅವರು ಕೇಳುತ್ತಿರುವುದು ಸರಿ ಅಂತ ದೇವರು ಹೇಳಿದ (ಅರಣ್ಯಕಾಂಡ 27). ಯೋಬ ತನ್ನ ಹೆಣ್ಣುಮಕ್ಕಳಿಗೆ ಅವರ ಅಣ್ಣತಮ್ಮಂದಿರ ಜೊತೆಗೇ ಆಸ್ತಿ ಕೊಟ್ಟ (ಯೋಬ 42:15). ಪಾಲು ಕೇಳಿದ ತಂಗಿಯನ್ನು ದುರಾಸೆಯವಳು ಅನ್ನುವವರು ಈ ಎರಡು ಜಾಗ ಓದಬೇಕು.

‘ಚೊಚ್ಚಲ ಮಗನಿಗೆ ಎರಡು ಪಾಲು ಅಂತ ಬೈಬಲ್‌ನಲ್ಲೇ ಇದೆಯಲ್ಲ’ ಅನ್ನುವ ಅಣ್ಣಂದಿರಿದ್ದಾರೆ. ಇದೆ, ಧರ್ಮೋಪದೇಶಕಾಂಡ 21ರಲ್ಲಿ. ಆದರೆ ಮುದ್ದಿನ ಹೆಂಡತಿಯ ಮಗನಿಗೆ ಕೊಟ್ಟು, ಬೇಡವಾದ ಹೆಂಡತಿಯ ಮಗನನ್ನು ಅಪ್ಪ ಬಿಡಬಾರದು ಅನ್ನುವುದಕ್ಕೆ ಬಂದ ಕಟ್ಟಳೆ ಅದು. ತಂಗಿಯ ಪಾಲು ತಪ್ಪಿಸಲು ಅದನ್ನು ಹಿಡಿಯುವುದು ಸರಿಯಲ್ಲ.

ಕಾನೂನು ಏನು ಹೇಳುತ್ತದೆ? ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಭಾಗ. ಉಳಿದ ಮೂರನೇ ಎರಡು ಭಾಗ ಗಂಡು, ಹೆಣ್ಣು ಅನ್ನುವ ಭೇದವಿಲ್ಲದೆ ಮಕ್ಕಳಿಗೆ ಸಮ. 9 ಎಕರೆ ತೋಟ, ಅಮ್ಮ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಅಂತ ಇಟ್ಟುಕೊಳ್ಳಿ. ಅಮ್ಮನಿಗೆ 3 ಎಕರೆ, ಮಕ್ಕಳಿಗೆ ತಲಾ 2 ಎಕರೆ. ಮದುವೆಯಲ್ಲಿ ಕೊಟ್ಟ ಚಿನ್ನದಿಂದ ಮಗಳ ಹಕ್ಕು ತೀರುವುದಿಲ್ಲ. ಅಪ್ಪನಿಗಿಂತ ಮೊದಲೇ ಒಬ್ಬ ಮಗ ತೀರಿಕೊಂಡಿದ್ದರೆ ಅವನ ಪಾಲು ಅವನ ಮಕ್ಕಳಿಗೆ ಹೋಗುತ್ತದೆ. ಹಿಂದೂ ಮನೆಗಳಿಗೆ ಬೇರೆ ಕಾಯ್ದೆ ಇದೆ. 2005ರ ತಿದ್ದುಪಡಿ ಆದಮೇಲೆ ಅಲ್ಲೂ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು.

ತಂಗಿ ಮನಸ್ಸಿನಿಂದ ಬೇಡ ಅಂದರೆ ಅದು ಅವಳ ಇಷ್ಟ. ಆದರೆ ಹಕ್ಕು ಬಿಡುಗಡೆ ಪತ್ರವನ್ನು ಅವಳಿಗೆ ಓದಿ ಹೇಳಿ, ಮನೆಗೆ ಒಯ್ದು ಯೋಚಿಸಲು ಸಮಯ ಕೊಟ್ಟು ಸಹಿ ಮಾಡಿಸಿ. ಸಬ್‌ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲಿ ‘ಇಲ್ಲೊಂದು ಸೈನ್ ಹಾಕಮ್ಮ’ ಅನ್ನಬೇಡಿ.

ಪಾಲುಪಟ್ಟಿ ನೋಂದಣಿ ಮಾಡಿಸಿ. ಸರ್ವೆ ನಂಬರ್ ಒಡೆಯುವುದಾದರೆ 11ಇ ನಕ್ಷೆ (ಭಾಗ ಮಾಡುವ ಜಾಗದ ಸರ್ವೆ ನಕ್ಷೆ), ಪೋಡಿ (ಸರ್ವೆ ನಂಬರ್ ಬೇರೆ ಮಾಡುವುದು), ಆಮೇಲೆ ಪಹಣಿಯಲ್ಲಿ ಹೆಸರು, ಎಲ್ಲಾ ಮುಗಿಸಿ. ಮಾತು ಮುರಿದರೂ ಕೋರ್ಟಿಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಹಾಸನದಲ್ಲೂ ಚಿಕ್ಕಮಗಳೂರಲ್ಲೂ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಕಾನೂನು ನೆರವು ಉಚಿತ.

ಹೆಜ್ಜೆ 6: ಅಪ್ಪ ಅಮ್ಮನಿಗೆ ಒಂದು ಮಾತು

ಕ್ಯಾಥೊಲಿಕರ ಬೈಬಲ್‌ನಲ್ಲಿ ಸಿರಾಖನ ಗ್ರಂಥ ಇದೆ. ಅದರ 33ನೇ ಅಧ್ಯಾಯ ನೇರವಾಗಿ ಹೇಳುತ್ತದೆ: ಬದುಕಿರುವ ತನಕ ನಿನ್ನ ಮೇಲಿನ ಅಧಿಕಾರವನ್ನು ಮಗನಿಗಾಗಲಿ ಹೆಂಡತಿಗಾಗಲಿ ಬಿಟ್ಟುಕೊಡಬೇಡ. ನೀನು ಮಕ್ಕಳ ಕೈ ನೋಡುವುದಕ್ಕಿಂತ ಅವರು ನಿನ್ನ ಹತ್ತಿರ ಕೇಳುವುದು ಒಳ್ಳೆಯದು. ಕೊನೆಗಾಲಕ್ಕೆ ಹಂಚು.

ಉಯಿಲು ಬರೆದು, ಅದರಲ್ಲಿ ಏನಿದೆ ಅಂತ ಮಕ್ಕಳಿಗೆಲ್ಲಾ ಒಟ್ಟಿಗೆ ಹೇಳಿ. ಈಗಲೇ ದಾನಪತ್ರ ಮಾಡಿಕೊಡಲೇಬೇಕು ಅಂದರೆ, ನನ್ನನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಷರತ್ತು ಮುರಿದರೆ ಪತ್ರ ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದ್ದು ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ. ಹಿರಿಯರ ಸಹಾಯವಾಣಿ 14567.

ಮಕ್ಕಳೂ ಕೇಳಿಸಿಕೊಳ್ಳಬೇಕು. ದೇವರಿಗೆ ಕೊಟ್ಟಿದ್ದೇನೆ ಅಂತ ನೆಪ ಹೇಳಿ ಅಪ್ಪ ಅಮ್ಮನ ಖರ್ಚು ತಪ್ಪಿಸಿಕೊಳ್ಳುವವರನ್ನು ಯೇಸು ಮಾರ್ಕ 7ರಲ್ಲಿ ಖಾರವಾಗಿಯೇ ಬೈದಿದ್ದಾನೆ.

ಹೆಜ್ಜೆ 7: ಬೇರೆಯಾಗುವುದಾದರೆ ಚೆನ್ನಾಗಿ ಬೇರೆಯಾಗಿ

ಅತ್ತೆ ಸೊಸೆಗೆ, ಓರಗಿತ್ತಿಯರಿಗೆ ಒಂದೇ ಅಡುಗೆಮನೆ ಆಗಿಬರುವುದಿಲ್ಲ ಅಂದರೆ ಅದರಲ್ಲಿ ಪಾಪ ಏನಿಲ್ಲ. ಗಂಡು ಅಪ್ಪ ಅಮ್ಮನನ್ನು ಬಿಟ್ಟು ಹೆಂಡತಿಯ ಜೊತೆ ಸೇರುತ್ತಾನೆ ಅಂತ ಆದಿಕಾಂಡ 2:24ರಲ್ಲೇ ಇದೆ. ಬೇರೆ ಒಲೆ ಹಚ್ಚಿದ ಮೇಲೆ ಸಂಬಂಧ ಚೆನ್ನಾದ ಮನೆಗಳು ಬೇಕಾದಷ್ಟಿವೆ.

ತಬ್ಬಿಕೊಂಡು ಅತ್ತ ಯಾಕೋಬ, ಏಸಾವ ಕೂಡ ಅದೇ ದಿನ ಬೇರೆ ಬೇರೆ ದಾರಿ ಹಿಡಿದರು. ಜೊತೆಗೆ ಹೋಗೋಣ ಅಂತ ಏಸಾವ ಕರೆದ. ಯಾಕೋಬ ನಯವಾಗಿ ತಪ್ಪಿಸಿಕೊಂಡು ಸುಕ್ಕೋತಿಗೆ ಹೋದ. ಅದಕ್ಕಿಂತ ಮೊದಲು ಲಾಬಾನನ ಜೊತೆಗೂ ಹೀಗೇ ಆಗಿತ್ತು. ಮಾವ ಅಳಿಯ ಇಬ್ಬರೂ ಕಲ್ಲಿನ ಗುಡ್ಡೆ ಹಾಕಿ, ಕೆಟ್ಟ ಮನಸ್ಸಿನಿಂದ ಇದನ್ನು ನೀನೂ ದಾಟಬೇಡ, ನಾನೂ ದಾಟುವುದಿಲ್ಲ ಅಂತ ಮಾತಾಡಿಕೊಂಡರು. ಅಲ್ಲೇ ಕೂತು ಒಟ್ಟಿಗೆ ಊಟ ಮಾಡಿದರು (ಆದಿಕಾಂಡ 31). ಗಡಿಕಲ್ಲು ಹಾಕಿದ ದಿನವೇ ಒಟ್ಟಿಗೆ ಊಟ ಮಾಡಬಹುದು ಅನ್ನುವುದು ನನಗೆ ಬಹಳ ಇಷ್ಟವಾದ ಭಾಗ. ನಿಮ್ಮ ಪಾಲುಪಟ್ಟಿ ಆದ ದಿನ ಹಾಗೇ ಮಾಡಿ, ಹೋಟೆಲಲ್ಲಾದರೂ ಸರಿ.

ಅವರು ಬರಲೇ ಇಲ್ಲ ಅಂದರೆ

ಸಾಧ್ಯವಾದರೆ, ನಿಮ್ಮಿಂದ ಆಗುವಷ್ಟು ಮಟ್ಟಿಗೆ, ಎಲ್ಲರ ಜೊತೆ ಸಮಾಧಾನದಿಂದಿರಿ ಅನ್ನುತ್ತದೆ ರೋಮಾ 12:18. ಆಗದೇ ಇರಬಹುದು ಅಂತ ಆ ಪತ್ರ ಬರೆದ ಪೌಲನಿಗೂ ಗೊತ್ತಿತ್ತು. ಮಾರ್ಕ ಅನ್ನುವ ಜೊತೆಗಾರನ ವಿಷಯದಲ್ಲಿ ಅವನೂ, ಅವನ ಜೊತೆ ಸುವಾರ್ತೆ ಸಾರುತ್ತಿದ್ದ ಬಾರ್ನಬನೂ ಜಗಳವಾಡಿ ಬೇರೆಯಾಗಿದ್ದರು. ಅದೇ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕು ಅಂತ ಪೌಲ ಶಿಷ್ಯ ತಿಮೊಥೆಯನಿಗೆ ಬರೆದದ್ದು ಎಷ್ಟೋ ವರ್ಷಗಳಾದ ಮೇಲೆ. ಕಾಯಬೇಕಾಗುತ್ತದೆ.

ಕಾಯುವಾಗ ಮಾಡಬೇಕಾದ್ದು ಇಷ್ಟು. ಮಕ್ಕಳು ಅವರ ದೊಡ್ಡಪ್ಪ, ಚಿಕ್ಕಪ್ಪನ ಮನೆಗೆ ಹೋಗುವುದನ್ನು ತಡೆಯಬೇಡಿ. ಕಾಯಿಲೆ, ಸಾವಿನ ಸುದ್ದಿ ಬಂದರೆ ಕರೆಯುವ ತನಕ ಕಾಯದೆ ಹೋಗಿ. ಇಸಾಕ ತೀರಿಕೊಂಡಾಗ ಏಸಾವ, ಯಾಕೋಬ ಇಬ್ಬರೂ ಸೇರಿಯೇ ಮಣ್ಣು ಮಾಡಿದರು. ಮನೆಯಲ್ಲಿ ಮದುವೆ ಬಂದರೆ ಲಗ್ನಪತ್ರಿಕೆಯಲ್ಲಿ ಅಣ್ಣ ಅತ್ತಿಗೆಯ ಹೆಸರನ್ನು ಅದರ ಜಾಗದಲ್ಲೇ ಹಾಕಿಸಿ. ಪತ್ರಿಕೆ ಕೊಡಲು ಗಂಡ ಹೆಂಡತಿ ಇಬ್ಬರೂ ಹೋಗಿ, ಯಾರ ಕೈಯಲ್ಲೂ ಕಳಿಸಬೇಡಿ. ಬಾಗಿಲು ತೆಗೆಯದಿದ್ದರೆ ಜಗುಲಿಯ ಮೇಲೆ ಇಟ್ಟು ಬನ್ನಿ, ಮದುವೆಯ ಹಿಂದಿನ ದಿನ ಇನ್ನೊಂದು ಸಲ ಫೋನ್ ಮಾಡಿ.